ಮೊದಲರ್ಧದ ರಾಜ

ಇವತ್ತು ಬೆಳಿಗ್ಗೆ ಮುಖ ತೊಳೆಯುವಾಗ ಕಿವಿಯ ಹಿಂದಿನಿಂದ ಒಂದಿಷ್ಟು ಬಣ್ಣ ಬೆರಳಿಗೆ ಹತ್ತಿತು. ನಿನ್ನೆ ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿಯೇ ಉಜ್ಜಿದ್ದೆ. ಆದರೂ ಅಲ್ಲಿ ಅಡಗಿ ಕೂತಿತ್ತು. ಮೂಸಿ ನೋಡಿದೆ. ಎಣ್ಣೆ, ಗಡ್ಡ ಅಂಟಿಸುವ ಗೋಂದು, ಬೆವರು ಎಲ್ಲ ಬೆರೆತ ಆ ವಾಸನೆಯಿಂದ ಬೇರೆ ನಟರಿಗೆ ಏನು ನೆನಪಾಗುತ್ತದೋ ತಿಳಿಯದು. ನನಗೆ ಹೊಟ್ಟೆಕಿಚ್ಚು ನೆನಪಾಗುತ್ತದೆ.

ಮುಖ ಸಿಂಡರಿಸಬೇಡಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ಹೊಟ್ಟೆಕಿಚ್ಚಿನ ಪರವಾಗಿಯೂ ಮಾತಾಡಬಲ್ಲೆ, ವಿರುದ್ಧವಾಗಿಯೂ ಮಾತಾಡಬಲ್ಲೆ. ಪರವಾಗಿ ಮಾತಾಡುವಾಗ ಮಾತ್ರ ತಯಾರಿ ಬೇಕಾಗುವುದಿಲ್ಲ. ದೇವರನ್ನು ನಂಬದ, ಜಾತಕ ತೋರಿಸಿದವರನ್ನು ಗೋಳು ಹೊಯ್ದುಕೊಳ್ಳುವ ನಾನು, ದಿನಾ ಬೆಳಿಗ್ಗೆ ಎದ್ದು ಒಬ್ಬನ ಹೆಸರನ್ನು ಮಾತ್ರ ತಪ್ಪದೆ ನೆನೆಯುತ್ತಿದ್ದೆ. ಅವನು ನಾರಾಯಣಸ್ವಾಮಿ.

ಅವನ ವಿಷಯ ಹೇಳಬೇಕಾದರೆ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ನಮ್ಮ ನಾಟಕದ ಪದ್ಧತಿಯನ್ನು ಮೊದಲು ಹೇಳಬೇಕು. ಬೇರೆ ಊರುಗಳಲ್ಲಿ ನಾಟಕ ರಾತ್ರಿ ನಡೆಯುತ್ತದೆ. ನಮ್ಮಲ್ಲಿ ರಾತ್ರಿ ಶಿಫ್ಟಿನವರು ಗಣಿಗೆ ಇಳಿಯಬೇಕಲ್ಲ, ಅವರ ಸಲುವಾಗಿ ಮಧ್ಯಾಹ್ನವೇ ಶುರು ಮಾಡಿ ಹೊತ್ತು ಮುಳುಗುವುದರೊಳಗೆ ಮುಗಿಸುತ್ತಿದ್ದೆವು. ಆದರೆ ಬೆಳಗಿನ ಶಿಫ್ಟಿನ ನಟರು ಆಗಿನ್ನೂ ಭೂಮಿಯ ಒಳಗಿರುತ್ತಿದ್ದರು. ಅದಕ್ಕೆ ಹಿರಿಯರು ಕಂಡುಕೊಂಡ ಉಪಾಯ, ದೊಡ್ಡ ಪಾತ್ರವನ್ನು ಇಬ್ಬರಿಗೆ ಹಂಚುವುದು. ಗಣಿಯ ಸೈರನ್ನಿಗೆ ನಮ್ಮ ಕಡೆ ಸಂಗು ಅನ್ನುತ್ತಾರೆ. ಸಂಗು ಕೂಗುವ ತನಕ ಒಬ್ಬ ರಾಜ; ಸಂಗು ಕೂಗಿದ ಮೇಲೆ ಗಣಿಯಿಂದ ಮೇಲೆ ಬಂದು ಮೈ ತೊಳೆದುಕೊಂಡವನು ಇನ್ನೊಬ್ಬ ರಾಜ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕಿರೀಟ, ಒಂದೇ ಗಡ್ಡ, ಒಂದೇ ಜರಿಯಂಗಿ. ನನ್ನ ಮೈಯ ಬಿಸಿ ಆರುವ ಮೊದಲೇ ಅಂಗಿ ಅವನ ಮೈಗೆ ಹೋಗುತ್ತಿತ್ತು. ನೋಡುವವರಿಗೆ ಇದರಿಂದ ಏನೂ ತೊಂದರೆಯಿರಲಿಲ್ಲ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ನಟರನ್ನು ಬೈಯಬಲ್ಲ ಜನ ಅವರು. ಒಬ್ಬ ರಾಜನಿಗೆ ಎರಡು ಮೂಗಿದ್ದರೆ ಅವರಿಗೇನು?

ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ವೆಂಕಟಪ್ಪನವರದು ಒಂದೇ ಕಟ್ಟುನಿಟ್ಟು. ಎರಡನೆಯವನು ಮೊದಲನೆಯವನ ಹಾಗೆಯೇ ನಡೆಯಬೇಕು, ಹಾಗೆಯೇ ನಿಲ್ಲಬೇಕು. “ರಾಜ ಒಬ್ನೇ ಕಣಪ್ಪಾ, ಆಳು ಬೇರೆ ಅಷ್ಟೆ,” ಅನ್ನುತ್ತಿದ್ದರು.

ಗಣಿಗೆ ಇಳಿಯದೆ ಕಾಲೇಜಿಗೆ ಹೋಗುತ್ತಿದ್ದ ನನಗೆ ಸಹಜವಾಗಿಯೇ ಮೊದಲರ್ಧ ಬಂತು. ರಾಜನ ನಡಿಗೆಯನ್ನು ನಾನು ಚರ್ಚೆಯ ವೇದಿಕೆಯಿಂದ ತಂದೆ: ಎಡಗೈ ಬೆನ್ನಿಗೆ ಕಟ್ಟಿ ನಿಧಾನವಾಗಿ ದೂರ ಹೋಗುವುದು, ಇವನು ಸೋತ ಎಂದು ಎದುರಾಳಿ ಅಂದುಕೊಳ್ಳುವಷ್ಟರಲ್ಲಿ ಥಟ್ಟನೆ ಅರ್ಧ ತಿರುಗಿ ಭುಜದ ಮೇಲಿಂದ ನೋಡುವುದು. ಎರಡನೆಯ ಅರ್ಧ ನಾರಾಯಣಸ್ವಾಮಿಗೆ. ಕಾಮಸಮುದ್ರದ ಕಡೆಯವನು, ಸೋದರಮಾವನ ಮನೆಯಲ್ಲಿದ್ದುಕೊಂಡು ಗಣಿಯಲ್ಲಿ ಕೆಲಸಕ್ಕಿದ್ದ. ಜೇಬಿನಲ್ಲಿ ಬಾಚಣಿಗೆ ಇಲ್ಲದೆ ಅವನನ್ನು ಯಾರೂ ಕಂಡಿಲ್ಲ. ಸ್ಟುಡಿಯೋದಲ್ಲಿ ಗಲ್ಲಕ್ಕೆ ಕೈಯಿಟ್ಟು ತೆಗೆಸಿಕೊಂಡ ಫೋಟೋವನ್ನು ಕೇಳದವರಿಗೂ ತೋರಿಸುತ್ತಿದ್ದ. ನನ್ನ ನಡಿಗೆಯನ್ನು ಅವನು ಎರಡೇ ಸಲ ನೋಡಿ ಹಾಗೆಯೇ ಎತ್ತಿಕೊಂಡ. ಅದು ತಪ್ಪು ಅನ್ನುವ ಹಾಗಿಲ್ಲ, ಮೇಷ್ಟ್ರ ಅಪ್ಪಣೆ.

ನಾಟಕ ಬರೆದವರೂ ಮೇಷ್ಟ್ರೇ. ಮೊದಲರ್ಧದಲ್ಲಿ ರಾಜ ಮಂತ್ರಿಗಳ ಜೊತೆ ವಾದ ಮಾಡಿ ಗೆಲ್ಲುತ್ತಾನೆ. ಎರಡನೆಯದರಲ್ಲಿ ರಾಜ್ಯವೂ ಹೋಗಿ, ಮಗನೂ ಸತ್ತು, ಅಳುತ್ತಾನೆ. ನಾನು ಗೆಲ್ಲುವಾಗ ಜನ ಕಡಲೆಕಾಯಿ ಬಿಡಿಸುತ್ತಿದ್ದರು. ಅವನು ಅಳುವಾಗ ಮುಂದಿನ ಸಾಲಿನ ಹೆಂಗಸರು “ಅಯ್ಯೋ ಪಾವಂ” ಎಂದು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಅವರಲ್ಲಿ ನಮ್ಮಮ್ಮನೂ ಒಬ್ಬಳು. ಮನೆಯಲ್ಲಿ ಇದನ್ನೆತ್ತಿಕೊಂಡು ಜಗಳಕ್ಕೆ ನಿಂತೆ. ಅಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ. “ನೀನು ವಾದ ಮಾಡೋದು ಮನೇಲೇ ದಿನಾ ಕೇಳ್ತೀನಲ್ಲಪ್ಪ. ಅವನು ಅತ್ರೆ ಕರುಳು ಕಿತ್ತು ಬತ್ತದೆ,” ಅಂದಳು.

ಆ ವರ್ಷ ಬಂಗಾರಪೇಟೆಯಲ್ಲಿ ಒಂದು ದೊಡ್ಡ ನಾಟಕ ಕಂಪನಿ ಟೆಂಟು ಹಾಕಿತ್ತು. ಅವರಿಗೊಬ್ಬ ನಾಯಕನಟ ಬೇಕಾಗಿದ್ದಾನೆ, ಯಜಮಾನರು ನಮ್ಮ ಆಟ ನೋಡಲು ಬರುತ್ತಾರೆ ಎಂದು ಮೇಷ್ಟ್ರು ಹೇಳಿದ ದಿನದಿಂದ ನನಗೆ ಅನ್ನ ಸೇರಲಿಲ್ಲ. ಗಣಿ ಆಫೀಸಿನ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕು ಎಂದ ಅಪ್ಪನಿಗೆ, ನಟನಾಗುವವನಿಗೆ ಅದೆಲ್ಲ ಬೇಡ ಎಂದು ಸವಾಲು ಹಾಕಿದ್ದೆ. ಆ ಕಂಪನಿ ಸೇರದಿದ್ದರೆ ಅಪ್ಪನ ಎದುರು ತಲೆ ಎತ್ತುವ ಹಾಗಿರಲಿಲ್ಲ.

ಆಟದ ದಿನ ನಾನು ವಾದಿಸಿದ ಹಾಗೆ ಹಿಂದೆ ಯಾವತ್ತೂ ವಾದಿಸಿರಲಿಲ್ಲ. ಕಡಲೆಕಾಯಿ ಸದ್ದು ಕೂಡ ನಿಂತಿತ್ತು. ಆದರೆ ಯಜಮಾನರಿಗೆಂದು ಹಾಕಿದ್ದ ಕುರ್ಚಿ ಖಾಲಿ. ಅವರು ಬರಬೇಕಿದ್ದ ಮಾರಿಕುಪ್ಪಂ ರೈಲು ಬಂಗಾರಪೇಟೆಯಿಂದ ಇನ್ನೂ ಹೊರಟೇ ಇಲ್ಲವಂತೆ. ಸಂಗು ಕೂಗಿತು. ನಾರಾಯಣಸ್ವಾಮಿ ಒದ್ದೆ ತಲೆಯಲ್ಲಿ ಬಂದು ನನ್ನ ಕಿರೀಟಕ್ಕೆ ಕೈಚಾಚಿದ. ಅವನು ರಂಗಕ್ಕೆ ಕಾಲಿಟ್ಟ ಮೇಲೆ ಯಜಮಾನರು ಬಂದು ಕೂತರು.

ಆಟ ಮುಗಿದು ಅವರು ಬಣ್ಣದ ಕೋಣೆಗೆ ಬಂದಾಗ ನಾನು ಮುಖಕ್ಕೆಲ್ಲ ಎಣ್ಣೆ ಮೆತ್ತಿಕೊಂಡು ಮೂಲೆಯಲ್ಲಿದ್ದೆ. ಅಳುವುದಾದರೆ ಯಾರು ಬೇಕಾದರೂ ಅಳುತ್ತಾರೆ, ನನಗೆ ಹಿಡಿಸಿದ್ದು ನಿನ್ನ ನಡಿಗೆ, ಎಲ್ಲಿ ಕಲಿತೆ ಎಂದು ಅವನನ್ನು ಕೇಳಿದರು.

“ನಮ್ಮ ಆಟದಾಗೆ ರಾಜ ಇಂಗೇ ನಡೆಯಾದು ಸ್ವಾಮಿ,” ಅಂದ ನಾರಾಯಣಸ್ವಾಮಿ.

ಈ ಉತ್ತರವನ್ನು ನಾನು ಆಮೇಲೆ ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಅದರಲ್ಲಿ ಸುಳ್ಳು ಒಂದಕ್ಷರವಿಲ್ಲ, ನಾನೂ ಇಲ್ಲ. ಆಗ ಬಾಯಿ ಬಿಡಬಹುದಿತ್ತಲ್ಲ ಅನ್ನುತ್ತೀರಿ. ಎಣ್ಣೆ ಸೋರುವ ಮುಖದಲ್ಲಿ “ಆ ನಡಿಗೆ ನನ್ನದು” ಎಂದು ಹೇಳಿ ನೋಡಿ, ನಿಮಗೇ ನಗು ಬರುತ್ತದೆ.

ಯಜಮಾನರು ಅವನನ್ನೇ ಆರಿಸಿಕೊಂಡರು. ಕಂಪನಿಯ ಜೊತೆ ಅವನು ಬೇರೆ ಊರಿಗೆ ಹೊರಡುವ ದಿನ ಬಂಗಾರಪೇಟೆ ಸ್ಟೇಷನ್ನಿನವರೆಗೂ ಜೊತೆಗೆ ಹೋದೆ. ಬೀಳ್ಕೊಡುವುದಕ್ಕಲ್ಲ, ವಾದ ಮುಗಿಸುವುದಕ್ಕೆ. ಅನುಕರಣೆಗೂ ಕಲೆಗೂ ಇರುವ ವ್ಯತ್ಯಾಸದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವನು ಕ್ರಾಪು ತೀಡಿಕೊಳ್ಳುತ್ತ ಪೂರ್ತಿ ಕೇಳಿದ.

“ನಡಿಗೆ ನಿಂದೇ ಕಣ್ಲಾ, ಯಾರಿಲ್ಲ ಅಂದೋರು?” ಅಂದ. “ಅತ್ತಿದ್ದು ಯಾರು, ಅದೇಳು.”

ರೈಲು ಬಂತು. ಅವನ ಪೆಟ್ಟಿಗೆಯನ್ನು ನಾನೇ ಎತ್ತಿ ಒಳಗಿಟ್ಟೆ.

ಆಮೇಲೆ ನಾನೂ ಒಂದು ಸಣ್ಣ ಕಂಪನಿ ಸೇರಿದೆ. ಮಂತ್ರಿ, ದೂತ, ಬಾಗಿಲು ಕಾಯುವವನು, ಹೀಗೆ ನನ್ನ ಪಾತ್ರಗಳು. ನಟನಿಗೆ ಹಸಿವೇ ದೊಡ್ಡ ಶತ್ರು ಅನ್ನುತ್ತಾರೆ. ಸುಳ್ಳು. ಹಸಿವಿಗೆ ಎಲ್ಲಾದರೂ ಒಂದು ಮುದ್ದೆ ಸಿಗುತ್ತದೆ. ಪಕ್ಕದೂರಿನಲ್ಲಿ ಅವನ ಆಟಕ್ಕೆ ಜಾಗವಿಲ್ಲದೆ ಜನ ವಾಪಸು ಹೋದರಂತೆ ಎಂಬ ಸುದ್ದಿಗೆ ಏನು ತಿನ್ನುತ್ತೀರಿ? ಅಂಥ ದಿನಗಳಲ್ಲಿ ಈಟಿ ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ನಿಲ್ಲಿಸಿದ್ದು ಒಂದೇ ಮಾತು: ಅಲ್ಲಿ ಅವನಿಗೆ ಬೀಳುವ ಚಪ್ಪಾಳೆಯಲ್ಲಿ ನಡಿಗೆಯ ಪಾಲು ನನ್ನದು. ನಗಬೇಡಿ, ಎಷ್ಟೋ ವರ್ಷ ಅದರಲ್ಲೇ ಬದುಕಿದ್ದೇನೆ.

ಈಗ ನಮ್ಮ ಕಂಪನಿ ಮಾರಿಕುಪ್ಪಂನಲ್ಲಿದೆ, ಅವನದು ಬಂಗಾರಪೇಟೆಯಲ್ಲಿ. ಹೋದ ವಾರ ಬಿಡುವಿದ್ದಾಗ ಅವರ ಮಧ್ಯಾಹ್ನದ ಆಟಕ್ಕೆ ಹೋದೆ. ನನ್ನ ನಡಿಗೆಯನ್ನು ಕಣ್ಣಾರೆ ನೋಡಿ ಬರಬೇಕಿತ್ತು. ನಾರಾಯಣಸ್ವಾಮಿ ರಂಗಕ್ಕೆ ಬಂದ. ಬೆನ್ನಿಗೆ ಕೈಯಿಲ್ಲ, ಅರ್ಧ ತಿರುವೂ ಇಲ್ಲ. ಮನೆ ಕಳೆದುಕೊಂಡ ಮುದುಕನ ಪಾತ್ರ. ಪ್ರತಿ ಹೆಜ್ಜೆಗೂ ನೆಲದ ಅನುಮತಿ ಕೇಳುವವನ ಹಾಗೆ ನಡೆದ. ಅದು ಪೂರಾ ಅವನದೇ ನಡಿಗೆ, ಚೆನ್ನಾಗಿಯೂ ಇತ್ತು. ನನ್ನ ಪಾಲು ಅದೆಂದೋ ಮುಗಿದುಹೋಗಿತ್ತು, ನನಗೆ ಯಾರೂ ತಿಳಿಸಿರಲಿಲ್ಲ.

ಒಳಗೆ ಹೋದೆ. ಅಪ್ಪಿಕೊಂಡ, ಟೀ ತರಿಸಿದ, ನಮ್ಮಮ್ಮನನ್ನು ವಿಚಾರಿಸಿದ. ಗಡ್ಡ ಕೀಳುತ್ತ ಇದ್ದಕ್ಕಿದ್ದಂತೆ ದನಿ ತಗ್ಗಿಸಿದ.

“ಒಸದಾಗಿ ಒಬ್ಬ ಹಾಡೋನು ಸೇರವ್ನೆ ಕಣ್ಲಾ. ಇವತ್ತು ರಜ, ಬಂದಿಲ್ಲ. ಅವನು ಬಾಯಿ ತೆಗೆದ್ರೆ ನಂಗೆ ಒಟ್ಟೆ ಉರೀತದೆ. ಅನ್ನ ಇಳಿಯಲ್ಲ, ನಿದ್ದೆ ಬರಲ್ಲ. ನಿಂಗೆ ಯಾರ ಮೇಲಾದ್ರೂ ಇಂಗಾಗಿತ್ತೇನ್ಲಾ?”

“ಇಲ್ಲಪ್ಪ,” ಅಂದೆ.

“ನೀನು ಪುಣ್ಯವಂತ ಬುಡು,” ಅಂದ. ಪೂರ್ತಿ ನಂಬಿದ್ದ. ನನ್ನ ಅಭಿನಯವನ್ನು ಒಬ್ಬ ದೊಡ್ಡ ನಟ ನಂಬಿದ್ದು ಅದೇ ಮೊದಲು.

ವಾಪಸು ರೈಲಿನಲ್ಲಿ ಕೂತ ಮೇಲೆ ನೋವು ಶುರುವಾಯಿತು. ಅವನೂ ಅನ್ನ ಬಿಟ್ಟಿದ್ದಾನೆ, ನಿದ್ದೆಗೆಟ್ಟಿದ್ದಾನೆ, ಆದರೆ ನನಗಾಗಿ ಅಲ್ಲ. ಇಷ್ಟು ವರ್ಷಗಳಲ್ಲಿ ಒಂದು ಹೊತ್ತಾದರೂ ನನ್ನ ಮೇಲೆ ಅವನಿಗೆ ಹೊಟ್ಟೆ ಉರಿದಿಲ್ಲ.

ಇವತ್ತು ನಮಗೆ ಆಟವಿಲ್ಲ. ಮಧ್ಯಾಹ್ನದ ರೈಲಿಗೆ ಬಂಗಾರಪೇಟೆಗೆ ಹೊರಟಿದ್ದೇನೆ. ನಾರಾಯಣಸ್ವಾಮಿಯನ್ನು ನೋಡುವುದಕ್ಕಲ್ಲ. ಆ ಹಾಡುವವನ ಎದುರಿಗೆ ಕೂತು, ನಾರಾಯಣಸ್ವಾಮಿಯ ಹೊಟ್ಟೆ ಉರಿಸಬೇಕಾದರೆ ಏನೇನು ಬರಬೇಕು ಎಂದು ಕಲಿತುಕೊಂಡು ಬರುವುದಕ್ಕೆ.