ಕಾಲುಚೀಲದೊಳಗಿನ ತಂತಿ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ಒಳ್ಳೆಯ ಹುಡುಗಿಯಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಅಜ್ಜಿಯರು ಚಿಕ್ಕಂದಿನ ಕಥೆ ಹೇಳುವಾಗ ತಾವು ದೇವತೆಯ ಹಾಗೆ ಇದ್ದೆವು ಅನ್ನುತ್ತಾರೆ. ಇದ್ದಿರಲೂಬಹುದು. ನಾನು ಮಾತ್ರ ಹೊಟ್ಟೆಕಿಚ್ಚಿನ ಮುದ್ದೆ. ಓದೂ ಹತ್ತುತ್ತಿರಲಿಲ್ಲ. ಒಂಬತ್ತು ವರ್ಷವಾದರೂ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಗುರುತು ಹಿಡಿಯುತ್ತಿದ್ದೆನೇ ಹೊರತು ಕೂಡಿಸಿ ಓದಲು ಬರುತ್ತಿರಲಿಲ್ಲ.

ನಮ್ಮ ಮನೆ ಮಲಯ ದೇಶದ ಕ್ಲಾಂಗ್ ಬಂದರಿನ ಹತ್ತಿರ ಇತ್ತು, ತಗಡಿನ ಮಾಡಿನ ಸಾಲುಮನೆ. ಅಪ್ಪ ಮಂಗಳೂರಿನಿಂದ ಬಂದು ಒಬ್ಬ ಹಡಗಿನ ಏಜೆಂಟರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬಂದ ಹಡಗಿಗೆ ನೀರು, ತರಕಾರಿ, ಕಾಗದಪತ್ರ ಎಲ್ಲ ಒದಗಿಸುವುದು ಅವರ ಕೆಲಸ. ಮನೆಗೆ ಬಂದರೆ ಅವರ ಅಂಗಿಯಿಂದ ಡೀಸೆಲ್ ಮತ್ತು ಉಪ್ಪುಗಾಳಿಯ ವಾಸನೆ ಬರುತ್ತಿತ್ತು. ಅಮ್ಮ ಒಳಗೆ ಒಣಮೀನು ಸುಡುತ್ತಿದ್ದಳು. ಪಕ್ಕದ ತಮಿಳು ಅಕ್ಕನ ಮನೆಯಿಂದ ಒಗ್ಗರಣೆಯ ಸದ್ದು. ನಮ್ಮ ಮನೆಯಲ್ಲಿ ನಾನು ಕೊನೆಯವಳು, ಮುದ್ದಿನವಳು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ದಿನಾ ಸಂಜೆ ನನ್ನ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದಳು.

ಒಂದು ದಿನ ಅಪ್ಪ ಒಬ್ಬ ಹುಡುಗಿಯನ್ನು ಕೈಹಿಡಿದು ಕರೆದುಕೊಂಡು ಬಂದರು. ನನ್ನದೇ ವಯಸ್ಸು. ಜೇನಿನ ಬಣ್ಣದ ಕೂದಲು, ಕಾಲಿಗೆ ಚರ್ಮದ ಬೂಟು. ಅವಳ ಅಪ್ಪ ಲೆಬನಾನ್ ದೇಶದ ಒಂದು ಹಡಗಿನ ಕಪ್ತಾನರು. ರಜೆಯಲ್ಲಿ ಮಗಳಿಗೆ ಸಮುದ್ರ ತೋರಿಸೋಣ ಎಂದು ಕರೆದುಕೊಂಡು ಹೊರಟಿದ್ದರಂತೆ. ಹಡಗು ಹೊರಟ ಮೇಲೆ ಅವರ ಊರು ಬೈರೂತ್ ಯುದ್ಧದಲ್ಲಿ ಹೊತ್ತಿ ಉರಿಯತೊಡಗಿತು. ಹಡಗಿನ ಮಾಲೀಕರಿಂದ ಸುದ್ದಿಯೇ ಇಲ್ಲ, ಆದ್ದರಿಂದ ಹಡಗು ನಮ್ಮ ಬಂದರಿನ ಹೊರಗೆ ಲಂಗರು ಹಾಕಿ ನಿಂತುಬಿಟ್ಟಿತ್ತು. ಊರಲ್ಲಿ ಉಳಿದ ಅವಳ ಅಮ್ಮ, ಪುಟ್ಟ ತಮ್ಮ ಇದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. "ಹಡಗಿನಲ್ಲಿ ಗಂಡಸರ ನಡುವೆ ಹೆಣ್ಣುಮಗು ಎಷ್ಟು ದಿನ ಇರ್ಲಿಕ್ಕಾಗ್ತದೆ?" ಎಂದರು ಅಪ್ಪ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಆಗಲೇ ಒಳಗೆ ಏನೋ ಚುರ್ರ್ ಅಂದಿತು.

ಆಮೇಲೆ ನೋಡಿ. ಕಿಟಕಿಯ ಹತ್ತಿರ ಅಕ್ಕನ ಪಕ್ಕ ಮಲಗುವ ಜಾಗ ನನ್ನದು, ಅದು ಅವಳದಾಯಿತು. ಖಾರ ತಿನ್ನುವುದಿಲ್ಲ ಎಂದು ಅವಳಿಗೆ ಬೇರೆ ಅಡಿಗೆ. ಅಂಗಡಿಯ ಚೀನಿ ಮಾವ ನನಗೆ ಒಂದು ದಿನವೂ ಪುಕ್ಕಟೆ ಮಿಠಾಯಿ ಕೊಟ್ಟವರಲ್ಲ, ಅವಳಿಗೆ ಹಿಡಿ ತುಂಬ ಕೊಟ್ಟರು. ಅಕ್ಕ ಸಂಜೆ ಬಾಚಣಿಗೆ ಹಿಡಿದು ಕುಳಿತರೆ ಮೊದಲು ಆ ಜೇನುಬಣ್ಣದ ಕೂದಲು, "ಎಷ್ಟು ಚೆಂದ, ರೇಷ್ಮೆಯ ಹಾಗೆ" ಎಂದು ಸವರುತ್ತ, ಸವರುತ್ತ. ಕತ್ತಲಾದ ಮೇಲೆ ನನ್ನ ಸರದಿ. ಅವಳು ಎಲ್ಲದಕ್ಕೂ ತಲೆಬಾಗಿ 'ಮೆರ್ಸಿ' ಅನ್ನುತ್ತಿದ್ದಳು, ಅವರಲ್ಲಿ ಥ್ಯಾಂಕ್ಸ್ ಅಂದರೆ ಹಾಗೆ. ಪಕ್ಕದ ತಮಿಳು ಅಕ್ಕ ಆ ಒಂದು ಮಾತು ಕೇಳಲೆಂದೇ ಚಕ್ಕುಲಿ ಹಿಡಿದು ಬೇಲಿಯ ಹತ್ತಿರ ಬರುತ್ತಿದ್ದಳು.

ನನಗೆ ಅವಳ ಬೂಟಿನ ಮೇಲೆ ಹೊಟ್ಟೆಕಿಚ್ಚು, ಕೂದಲಿನ ಮೇಲೆ ಹೊಟ್ಟೆಕಿಚ್ಚು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವಳ ಯುದ್ಧದ ಮೇಲೂ ಹೊಟ್ಟೆಕಿಚ್ಚು. ಅವಳಿಗೆ ಯುದ್ಧ ಉಂಟು, ಅದಕ್ಕೆ ಎಲ್ಲರೂ ಪ್ರೀತಿ ಮಾಡುತ್ತಾರೆ. ನನಗೆ ಏನುಂಟು? ಮೂಗಿನ ನೆಗಡಿ. ದೇವರೇ, ನಮ್ಮ ಬೀದಿಗೂ ಒಂದು ಸಣ್ಣ ಬಾಂಬು ಬೀಳಲಿ, ನಮ್ಮ ಮನೆ ಬಿಟ್ಟು ಎಲ್ಲಾದರೂ ಬೀಳಲಿ ಎಂದು ಜಪಮಾಲೆ ಹಿಡಿದು ಬೇಡಿಕೊಂಡೆ.

ಒಂದು ಸಂಜೆ ಕಪ್ತಾನರು ನಮ್ಮ ಜಗಲಿಗೆ ಬಂದು ಕುಳಿತರು. ಕಾಫಿಗೆ ಏಲಕ್ಕಿ ಹಾಕಿ ಎಂದು ಕೇಳಿದರು. ಅಮ್ಮನಿಗೆ ಅದು ವಿಚಿತ್ರ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಯಾರ ಮೇಲೆ ಯಾರು ಯುದ್ಧ ಮಾಡುತ್ತಿರುವುದು ಎಂದು ಅಪ್ಪ ಕೇಳಿದಾಗ ಕಪ್ತಾನರು ಬೆರಳು ಮಡಚಿದರು. ಒಂದು ಪಂಗಡಕ್ಕೆ ಪಕ್ಕದ ಸಿರಿಯಾ, ಇನ್ನೊಂದಕ್ಕೆ ಕೆಳಗಿನ ಇಸ್ರೇಲ್, ಮತ್ತೊಂದಕ್ಕೆ ಇನ್ನಾರೋ. ಅವರೆಲ್ಲರ ಬೆನ್ನ ಹಿಂದೆ ಸಮುದ್ರದಾಚೆಯ ದೊಡ್ಡ ದೊಡ್ಡ ದೇಶಗಳು. ಇವತ್ತು ಇವನಿಗೆ ಕೊಟ್ಟವರು ನಾಳೆ ಅವನಿಗೂ ಕೊಡುತ್ತಾರೆ. ಒಂದು ಕೈಯ ಬೆರಳು ಸಾಲದೆ ಇನ್ನೊಂದು ಕೈಯದನ್ನೂ ಮಡಚಬೇಕಾಯಿತು.

"ಗುಂಡು ಹಾರಿಸುವವರು ನಮ್ಮವರೇ. ಬಂದೂಕು ಮಾತ್ರ ಒಂದೂ ನಮ್ಮಲ್ಲಿ ಮಾಡಿದ್ದಲ್ಲ," ಎಂದರು. ಲೋಟ ತಿರುಗಿಸುತ್ತ, "ಒಮ್ಮೆ ನಾನೇ ಪೆಟ್ಟಿಗೆಗಳನ್ನು ಹಡಗಿನಲ್ಲಿ ಒಯ್ದೆ. ಮೇಲೆ ಟ್ರ್ಯಾಕ್ಟರಿನ ಬಿಡಿಭಾಗ ಎಂದು ಬರೆದಿತ್ತು. ತೆರೆದು ನೋಡಲಿಲ್ಲ" ಎಂದರು.

ಅಮ್ಮ ಸುಮ್ಮನಿರುವವಳಲ್ಲ. "ಅಣ್ಣ ತಮ್ಮ ಹೊಡೆದಾಡುವಾಗ ನೆರೆಮನೆಯವ ಬಂದು ಇಬ್ಬರ ಕತ್ತಿಗೂ ಸಾಣೆ ಹಿಡಿದು ಕೊಟ್ಟ ಹಾಗಾಯ್ತಲ್ಲ ಮಾರಾಯ್ರೆ!" ಎಂದಳು. ಅಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಕಪ್ತಾನರು ಅಮ್ಮನ ಕಡೆ ನೋಡಿ ತಲೆಯಾಡಿಸಿದರು.

ಆ ಸಂಜೆ ಅವರು ಇನ್ನೊಂದು ಮಾತನ್ನೂ ಹೇಳಿದರು. ಭಾನುವಾರದೊಳಗೆ ಹೆಂಡತಿಯ ಸುದ್ದಿ ಬಾರದಿದ್ದರೆ ಅಂದು ಸಂಜೆ ಹೊರಡುವ ಬೇರೆ ಹಡಗಿನಲ್ಲಿ ನಾನೊಬ್ಬನೇ ಹೋಗಿ ಬೈರೂತಿನಲ್ಲಿ ಹುಡುಕುತ್ತೇನೆ, ಅಲ್ಲಿಯವರೆಗೆ ಮಗಳು ನಿಮ್ಮಲ್ಲಿರಲಿ. ನೀವೇ ತಿರುಗಿ ಬಾರದೆ ಹೋದರೆ? ಎಂದು ಅಪ್ಪ ಕೇಳಲಿಲ್ಲ. ಎಲ್ಲರ ಮುಖದಲ್ಲೂ ಆ ಪ್ರಶ್ನೆ ಇತ್ತು.

ಆ ಭಾನುವಾರವೇ ನನ್ನ ಮೊದಲ ಪರಮಪ್ರಸಾದ. ಪೂಜೆಯಲ್ಲಿ ಪಾದ್ರಿಗಳು ಕೊಡುವ ಪ್ರಸಾದದ ರೊಟ್ಟಿಯನ್ನು ಮೊದಲ ಸಲ ತೆಗೆದುಕೊಳ್ಳುವುದು; ನಮ್ಮ ಇಗರ್ಜಿಯಲ್ಲಿ ಮಕ್ಕಳಿಗೆ ಅದು ದೊಡ್ಡ ದಿನ. ಬಿಳಿ ಉಡುಪು, ತಲೆಗೆ ಹೂವಿನ ಕಿರೀಟ, ಕೈಯಲ್ಲಿ ಮೇಣದ ಬತ್ತಿ, ಒಂದು ದಿನದ ಮಟ್ಟಿಗೆ ಪುಟ್ಟ ಮದುಮಗಳು. ಅಮ್ಮ ಮೂರು ತಿಂಗಳಿಂದ ನನಗೆ ಉಡುಪು ಹೊಲಿಯುತ್ತಿದ್ದಳು, ಅಂಚಿಗೆಲ್ಲ ಲೇಸು, ಎದೆಗೆ ಮುತ್ತಿನ ಗುಂಡಿ. ಆ ಹುಡುಗಿಯೂ ನಮ್ಮ ಮತದವಳೇ, ಅವಳೂ ಅಂದೇ ಪ್ರಸಾದ ತೆಗೆದುಕೊಳ್ಳಲಿ ಎಂದು ಪಾದ್ರಿಗಳು ಹೇಳಿದರು. ಶನಿವಾರ ಅಮ್ಮ ನನ್ನ ಉಡುಪನ್ನು ತೆಗೆದು ಅವಳ ಮೈಗೆ ಹಿಡಿದು ನೋಡಿದಳು.

"ನಿನಗೆ ಅಕ್ಕನ ಹಳೇದುಂಟಲ್ಲ. ಒಂದು ದಿನ ಸುಧಾರಿಸಿಕೋ. ಅವಳಿಗೆ ಅಮ್ಮ ಇಲ್ಲಿಲ್ಲ, ಪಾಪ."

ಅಕ್ಕನ ಹಳೆಯದು ಕಂಕುಳಲ್ಲಿ ಹಳದಿಯಾಗಿತ್ತು. ನಾನು ಅಳಲಿಲ್ಲ. ಅತ್ತರೆ ಆ ಹುಡುಗಿಗೆ ಸಮಾಧಾನವಾಗುತ್ತದೆ ಎಂದು ಅಳಲಿಲ್ಲ. ಅಂದು ಸಂಜೆ ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಹೋಗಿ ಸಕ್ಕರೆ ಕದ್ದದ್ದು, ಸುಳ್ಳು ಹೇಳಿದ್ದು ಎಲ್ಲ ಒಪ್ಪಿಕೊಂಡೆ. ಹೊಟ್ಟೆಕಿಚ್ಚಿನ ಸುದ್ದಿ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ. ಅಪ್ಪ ಕೇಕು ತರಲು ಹೋಗಿದ್ದರು. ಹಿತ್ತಲಿನ ಕಡೆ ಅಮ್ಮ ಅಕ್ಕ ಇಬ್ಬರೂ ಆ ಹುಡುಗಿಗೆ ಉಡುಪು ತೊಡಿಸುತ್ತಿದ್ದರು, ನಗು ಕೇಳಿಸುತ್ತಿತ್ತು. ನಾನು ಹಳದಿ ಕಂಕುಳಿನ ಉಡುಪಿನಲ್ಲಿ ಎದುರು ಮೆಟ್ಟಿಲ ಮೇಲೆ ಕುಳಿತಿದ್ದೆ. ತಂತಿಯವನು ಸೈಕಲ್ಲಿನಿಂದ ಇಳಿದು ಮಡಚಿದ ಒಂದು ಕಾಗದ ಕೊಟ್ಟ. "ಕಪ್ತಾನರಿಗೆ ಬಂದದ್ದು. ಕಚೇರಿಗೆ ರಜೆ, ನಿನ್ನ ಅಪ್ಪನ ಕೈಗೆ ಕೊಡು," ಎಂದು ಮಲಯ ಭಾಷೆಯಲ್ಲಿ ಹೇಳಿ, ಪುಸ್ತಕದಲ್ಲಿ ನನ್ನಿಂದ ಒಂದು ಗೀಟು ಎಳೆಸಿಕೊಂಡು ಹೋದ.

ನಿಮಗೆ ತಂತಿ ಎಂದರೆ ಗೊತ್ತಿಲ್ಲ. ಅವಸರದ ಸುದ್ದಿಯನ್ನು ತಂತಿಯಲ್ಲಿ ಕಳಿಸಿ, ಕಾಗದಕ್ಕೆ ಇಳಿಸಿ ಮನೆಗೆ ತಂದುಕೊಡುತ್ತಿದ್ದರು. ಅಪ್ಪನ ಕಚೇರಿಗೆ ದಿನಾ ಹತ್ತು ಬರುತ್ತಿದ್ದವು, ಅವು ಹಡಗಿನ ವಿಷಯ. ಆದರೆ ನಮ್ಮ ಊರಿನವರ ಮನೆಬಾಗಿಲಿಗೆ ತಂತಿ ಬಂದರೆ ಅದು ಸಾವು, ಬೇರೆ ಏನೂ ಅಲ್ಲ. ಹಿಂದಿನ ವರ್ಷ ಮಂಗಳೂರಿನಿಂದ ಬಂದಾಗ ಒಡೆದು ಓದುವ ಮೊದಲೇ ಅಮ್ಮ ಎದೆ ಬಡಿದುಕೊಂಡಿದ್ದಳು. ಅಪ್ಪನ ಅಮ್ಮ ಹೋಗಿದ್ದರು. ಆ ವರ್ಷ ನಮಗೆ ಕ್ರಿಸ್ಮಸ್ಸೇ ಇರಲಿಲ್ಲ.

ನಾನು ಕಾಗದ ಹಿಡಿದು ಲೆಕ್ಕ ಹಾಕಿದೆ. ಅವಳ ಅಮ್ಮ ಸತ್ತಿದ್ದಾಳೆ. ಈಗ ಕೊಟ್ಟರೆ ಇಗರ್ಜಿ ಇಲ್ಲ, ಕಿರೀಟ ಇಲ್ಲ, ಫೋಟೋ ಇಲ್ಲ, ಕೇಕಿಲ್ಲ. ಎಲ್ಲರೂ ಅವಳನ್ನು ಅಪ್ಪಿಕೊಂಡು ಅಳುತ್ತಾರೆ, ನನ್ನ ದಿನ ಪೂರ್ತಿ ಅವಳದಾಗುತ್ತದೆ. ನಾಳೆ ಕೊಟ್ಟರಾಯಿತು. ಸತ್ತವರು ನಾಳೆಯೂ ಸತ್ತೇ ಇರುತ್ತಾರೆ. ಕಾಗದವನ್ನು ಇನ್ನೂ ಸಣ್ಣಗೆ ಮಡಚಿ ಬಿಳಿ ಕಾಲುಚೀಲದೊಳಗೆ, ಅಂಗಾಲಿನ ಕೆಳಗೆ ಇಟ್ಟುಕೊಂಡೆ. ಸಂಜೆಯ ಹಡಗು ನೆನಪಿಗೇ ಬರಲಿಲ್ಲ. ಹೊಟ್ಟೆಕಿಚ್ಚಿಗೆ ತನ್ನ ತಟ್ಟೆಯೊಂದೇ ಕಾಣುವುದು.

ಇಗರ್ಜಿಯಲ್ಲಿ ಸೆಕೆ. ಮೇಣದ ವಾಸನೆ, ಧೂಪದ ಹೊಗೆ, ನಲವತ್ತು ಮಕ್ಕಳ ಪೌಡರಿನ ಘಮ. ಸಾಲಿನಲ್ಲಿ ಅವಳು ನನ್ನ ಮುಂದೆಯೇ ಇದ್ದಳು. ನನ್ನ ಲೇಸು ಅವಳ ಬೆನ್ನ ಮೇಲೆ. ಒಂದೊಂದು ಹೆಜ್ಜೆಗೂ ಕಾಗದ ಚುಚ್ಚುತ್ತಿತ್ತು. ಪಾಪ ಇಟ್ಟುಕೊಂಡು ಪ್ರಸಾದ ತೆಗೆದುಕೊಂಡರೆ ನರಕ ಎಂದು ನಮಗೆ ಬಾಯಿಪಾಠ ಮಾಡಿಸಿದ್ದರು. ಸಾಲು ಬಿಟ್ಟು ಪಕ್ಕಕ್ಕೆ ಸರಿದರೆ ಎಲ್ಲರೂ ನೋಡುತ್ತಾರೆ, ಕಿರೀಟ ಇಳಿಸುತ್ತಾರೆ. ನಾನು ಸರಿಯಲಿಲ್ಲ. ಪ್ರಸಾದ ಅಂಗುಳಕ್ಕೆ ಅಂಟಿಕೊಂಡಿತು. ನುಂಗಿದೆ. ಹೊರಗೆ ಫೋಟೋದವನು ಅವಳನ್ನು ನಡುವೆ ನಿಲ್ಲಿಸಿ ನನ್ನನ್ನು ತುದಿಗೆ ತಳ್ಳಿದ.

ಮನೆಗೆ ಬಂದು ಇಡ್ಲಿಯಂಥ ಸನ್ನ, ಹಂದಿ ಮಾಂಸದ ಸಾರು ಉಂಡದ್ದಾಯಿತು. ಕಪ್ತಾನರು ಬಂದರು, ಕೈಯಲ್ಲಿ ಚೀಲ. ಬಂದರಿಗೆ ಹೋಗುವ ಕಾರು ಹೊರಗೆ ನಿಂತಿತ್ತು. ಸುದ್ದಿ ಬರಲಿಲ್ಲ, ಹೊರಡುತ್ತೇನೆ ಎಂದರು. ಅಕ್ಕ ಅವಸರದಲ್ಲಿ ಕೇಕು ಕತ್ತರಿಸಿದಳು. ಆ ಹುಡುಗಿ ತನ್ನ ಪಾಲನ್ನು ಬಾಯಿಗಿಡಲಿಲ್ಲ. ಅದನ್ನು ಎರಡು ಮಾಡಿ, ಬೇರೆ ಬೇರೆ ಕಾಗದದಲ್ಲಿ ಸುತ್ತಿ ತನ್ನ ಅಪ್ಪನ ಚೀಲದೊಳಗೆ ಇಟ್ಟಳು. ಒಂದು ಅಮ್ಮನಿಗೆ, ಒಂದು ತಮ್ಮನಿಗೆ. ತಮ್ಮನದರ ಮೇಲೆ ಸಕ್ಕರೆಯ ಹೂವಿತ್ತು. ಕಪ್ತಾನರು ಮುಖ ಗೋಡೆಯ ಕಡೆ ತಿರುಗಿಸಿದರು.

ನನಗೆ ಮರುಕ ಬಂತು ಎಂದು ತಿಳಿಯಬೇಡಿ. ಹೆದರಿಕೆ ಬಂತು. ಸತ್ತವರಿಗೆ ಕೇಕು ತೆಗೆದುಕೊಂಡು ಈ ಮನುಷ್ಯ ಅಷ್ಟು ದೂರ ಬೆಂಕಿಯೊಳಗೆ ಹೋಗುತ್ತಿದ್ದಾನೆ, ಅವನೂ ಸತ್ತರೆ ಇವಳು ನನ್ನ ಕಿಟಕಿಯ ಹತ್ತಿರ ಸಾಯುವವರೆಗೆ ಇರುತ್ತಾಳೆ. ನೆಲಕ್ಕೆ ಕುಳಿತು ಷೂ ಕಿತ್ತೆ, ಕಾಲುಚೀಲ ಎಳೆದೆ. ಬೆವರಿನಲ್ಲಿ ತೊಯ್ದ ಕಾಗದವನ್ನು ಅಪ್ಪನ ಕೈಗೆ ಕೊಟ್ಟೆ.

"ಇದೆಂತದು? ಎಲ್ಲಿತ್ತು?"

"ಬೆಳಿಗ್ಗೆ ಬಂತು."

ಅಪ್ಪ ಓದಿದರು. ಕಪ್ತಾನರು ಅದನ್ನು ಕಿತ್ತುಕೊಂಡು ಓದಿ ಹಾಗೇ ನೆಲದ ಮೇಲೆ ಕುಳಿತುಬಿಟ್ಟರು. ಸಾವಿನ ಸುದ್ದಿಯೇ ಅಂದುಕೊಂಡೆ. ಆಮೇಲೆ ಅಪ್ಪ ಅಮ್ಮನಿಗೆ ಹೇಳಿದರು: "ತಾಯಿ ಮಗ ಇಬ್ಬರೂ ದೋಣಿ ಹತ್ತಿ ಸೈಪ್ರಸ್ ಸೇರಿದ್ದಾರಂತೆ. ಬದುಕಿದ್ದೇವೆ, ನೀವಿದ್ದೀರಾ, ಉತ್ತರ ಕೊಡಿ ಅಂತ ಉಂಟು."

ಬೆಳಗಿನಿಂದ ಆ ತಾಯಿ ಉತ್ತರಕ್ಕೆ ಕಾದಿದ್ದಳು. ನಾನು ಅವಳನ್ನು ಮೆಟ್ಟಿಕೊಂಡು ತಿರುಗುತ್ತಿದ್ದೆ.

ಅಮ್ಮ ನನ್ನ ರಟ್ಟೆ ಹಿಡಿದಳು. "ನಿನ್ನ ಹೊಟ್ಟೆಯಲ್ಲಿ ಎಂತ ಉಂಟು ಮಾರಾಯ್ತಿ, ಕೆಂಡವಾ? ಯಾಕೆ ಅಡಗಿಸಿಟ್ಟೆ?"

"ತಂತಿ ಅಂದ್ರೆ ಸಾವಲ್ವಾ?" ಎಂದೆ. "ಇವತ್ತು ನನ್ನ ದಿನ."

ಅಮ್ಮನ ಕೈ ಸಡಿಲವಾಯಿತು. ಅಪ್ಪ ಬಾಗಿಲ ಕಡೆ ನೋಡಿದರು, ಅವರ ಅಮ್ಮನ ಸುದ್ದಿ ಬಂದ ಬಾಗಿಲು. ಆ ಹುಡುಗಿಗೆ ಅವಳ ಅಪ್ಪ ಎಲ್ಲ ಹೇಳಿದ ಮೇಲೆ ಅವಳು ಎದ್ದು ನೇರ ನನ್ನ ಹತ್ತಿರ ಬಂದು ಕೆನ್ನೆಗೆ ಫಟಾರನೆ ಹೊಡೆದಳು. 'ಮೆರ್ಸಿ' ಗಿರ್ಸಿ ಇಲ್ಲ. ನಾನು ತಿರುಗಿ ಹೊಡೆಯಲಿಲ್ಲ. ನಿಜ ಹೇಳಬೇಕೆಂದರೆ ಅವಳು ನನ್ನಂಥ ಹುಡುಗಿ ಎಂದು ನನಗೆ ತಿಳಿದದ್ದು ಆಗಲೇ.

ಕಪ್ತಾನರು ಅದೇ ಕಾರಿನಲ್ಲಿ ಅಂಚೆಕಚೇರಿಗೆ ಓಡಿದರು. ಒಂದು ವಾರದಲ್ಲಿ ಅಪ್ಪ ಮಗಳು ಇಬ್ಬರೂ ಸೈಪ್ರಸ್ಸಿಗೆ ಹೋದರು. ಉಡುಪನ್ನು ಅಮ್ಮ ಅವಳಿಗೇ ಕೊಟ್ಟುಬಿಟ್ಟಳು. ನನಗೆ ಅರುವತ್ತು ಸಮೀಪಿಸಿತು, ಆ ಲೇಸು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ನೀವು ಮಾಂಟ್ ಕಿಯಾರಾ ಬಡಾವಣೆಯ ಇಪ್ಪತ್ತೆರಡನೇ ಮಹಡಿಯಲ್ಲಿ ಇದ್ದೀರಿ. ಒಣಮೀನು ಸುಟ್ಟರೆ ಕೆಳಗಿನಿಂದ ಗಾರ್ಡು ಫೋನ್ ಮಾಡುತ್ತಾನೆ. ಸುದ್ದಿಗೆ ವಾರಗಟ್ಟಲೆ ಕಾಯಬೇಕಾಗಿಲ್ಲ. ಬೈರೂತಿನಲ್ಲಿ ಕಟ್ಟಡ ಕುಸಿದರೆ ಅದರ ಧೂಳು ಇಳಿಯುವ ಮೊದಲೇ ನಿಮ್ಮ ಅಪ್ಪನ ಫೋನಿನಲ್ಲಿ ಕಾಣುತ್ತದೆ. ಅವನು ಬೆರಳಿನಲ್ಲಿ ಮೇಲಕ್ಕೆ ತಳ್ಳಿ ಚಟ್ನಿ ಬಡಿಸು ಅನ್ನುತ್ತಾನೆ. ಐವತ್ತು ವರ್ಷದಲ್ಲಿ ಬಂದೂಕು ಕೊಡುವವರ ಹೆಸರು ಕೆಲವು ಬದಲಾಗಿವೆ. ಕೊಡುವುದು ನಿಂತಿಲ್ಲ.

ಮೊನ್ನೆ ನೀನು, ನನ್ನ ದೊಡ್ಡ ಮೊಮ್ಮಗಳು, ಶಾಲೆಯಿಂದ ಬಂದವಳೇ ಚೀಲ ಎಸೆದೆ. ಕ್ಲಾಸಿಗೆ ಲೆಬನಾನಿನ ಹುಡುಗಿ ಬಂದಿದ್ದಾಳಂತೆ, ಅವಳ ಅಮ್ಮ ಇನ್ನೂ ಅಲ್ಲೇ ಇದ್ದಾಳಂತೆ. "ನಾಟ್ ಫೇರ್ ಲಾ, ಅಜ್ಜಿ! ಫೋನ್ ಯಾರೂ ತರಬಾರ್ದು, ಅವಳು ಮಾತ್ರ ಡೆಸ್ಕ್ ಮೇಲೇ ಇಟ್ಕೋಬಹುದು. ಟೀಚರ್ ಏನೂ ಹೇಳಲ್ಲ!" ಎಂದು ಕಾಲು ಅಪ್ಪಳಿಸಿದೆ. ನಿನ್ನ ಮುಖ ನೋಡಿ ನನಗೆ ನಗು ಬಂತು. ನನ್ನದೇ ಮುಖ.

ಹೊಟ್ಟೆಕಿಚ್ಚು ಪಡಬೇಡ ಎಂದು ನಾನು ಹೇಳುವುದಿಲ್ಲ, ನನಗೆ ಆ ಯೋಗ್ಯತೆ ಇಲ್ಲ. ಅವಳಿಗೆ ಫೋನ್ ಯಾಕೆ ಕೊಟ್ಟಿದ್ದಾರೆ ಎಂದು ನೀನೇ ಯೋಚಿಸು. ನಿನಗೆ ಯಾಕೆ ಕೊಟ್ಟಿಲ್ಲ ಎಂದು ನಾನು ಹೇಳುತ್ತೇನೆ. ಮೂರು ಗಂಟೆಗೆ ಗೇಟಿನ ಹತ್ತಿರ ನಿನ್ನ ಅಮ್ಮ ಬಂದು ನಿಂತಿರುತ್ತಾಳೆ. ಅದಕ್ಕೆ.