ಚರ್ಚಿನ ಗಂಟೆಯೇ ಗಟ್ಟಿಮೇಳವಾದ ಮದುವೆ

೧. ಸಂದರ್ಭ: ನನ್ನ ಅಕ್ಕನ ಮದುವೆ.
೨. ಸ್ಥಳ: ಸಾರಕ್ಕಿಯಲ್ಲಿ ನಮ್ಮ ಮನೆಯ ಹಿಂದಿದ್ದ ಚರ್ಚಿನ ಸಭಾಂಗಣ.
೩. ಸಭಾಂಗಣ ಕೋರಿ ಫಾದರ್ ಅವರಿಗೆ ಅರ್ಜಿ ಬರೆದವಳು: ಅಪ್ಪನ ಕರಡು ನೋಡಿಕೊಂಡು, ಏಳನೆಯ ತರಗತಿಯ ನಾನು.

ಮಾನ್ಯ ಓದುಗರೇ,

ಇಂದು ಬೆಳಿಗ್ಗೆ ಸಾರಕ್ಕಿ ಸಿಗ್ನಲ್‌ನಲ್ಲಿ ಆಟೊ ನಿಂತಿದ್ದಾಗ ಚರ್ಚಿನ ಗಂಟೆ ಕೇಳಿಬಂದು, ಮೇಲ್ಕಂಡ ಮದುವೆಯು ನೆನಪಾಯಿತೆಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಮುಹೂರ್ತ ಸಮೀಪಿಸಿತ್ತು. ಓಲಗದವರು ಬರುತ್ತಿದ್ದ ಬಸ್ಸು ಉತ್ತರಹಳ್ಳಿಯಲ್ಲಿ ಕೆಟ್ಟು ನಿಂತಿದೆಯೆಂಬ ಸುದ್ದಿ ಬಂತು. ಅಜ್ಜಿ ತಾಳಿಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟರು.

"ಗಟ್ಟಿಮೇಳ ಇಲ್ದೆ ತಾಳಿ ಕೊಡಲ್ಲ. ಆ ಹೊತ್ತಿಗೆ ಯಾರಾದ್ರೂ ಸೀನಿದ್ರೆ ಅಪಶಕುನ ಅಲ್ವಾ?"

ಅಪ್ಪ ಬೆವರಿದರು. ಅಕ್ಕನ ಕಣ್ಣು ತುಂಬಿತು. ಬೆಂಚು ಜೋಡಿಸುತ್ತಿದ್ದ ಫಾದರ್ ಹತ್ತಿರ ಬಂದರು.

"ನಮ್ಮ ಗಂಟೆ ಆಗುತ್ತಾ, ಅಜ್ಜಿ?"

"ಜೋರಾಗಿ ಕೇಳ್ಸುತ್ತಾ?"

"ಬನಶಂಕರಿ ತನಕ ಕೇಳ್ಸುತ್ತೆ."

"ಹಾಗಾದ್ರೆ ಬಾರ್ಸಪ್ಪ. ನಾನು ಕೈ ಎತ್ತಿದ ಮೇಲೆ."

ಅಜ್ಜಿ ಕಿಟಕಿಯ ಬಳಿ ನಿಂತು ಕೈ ಎತ್ತಿದರು. ಗೋಪುರದಡಿ ಕಾದಿದ್ದ ಫಾದರ್ ಹಗ್ಗ ಎಳೆದರು. ಭಾವ ತಾಳಿ ಕಟ್ಟಿದರು. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿದ ಕ್ರೈಸ್ತ ನೆರೆಯವರು, ಏನಾಯಿತೋ ಎಂದು ಗಾಬರಿಯಿಂದ ಓಡಿಬಂದರು. ಅವರಲ್ಲಿ ಒಬ್ಬರನ್ನೂ ಅಜ್ಜಿ ಊಟ ಮಾಡದೆ ಹೋಗಗೊಡಲಿಲ್ಲ. ಹೋಳಿಗೆಗೆ ಎರಡನೆಯ ಸಲ ಹಿಟ್ಟು ಕಲೆಸಬೇಕಾಯಿತು.

ಇದೆಲ್ಲವನ್ನೂ ಆಟೊ ಚಾಲಕರಿಗೆ ಸವಿವರವಾಗಿ ನಿವೇದಿಸುವಷ್ಟರಲ್ಲಿ ಇಂದು ನನ್ನ ಮನೆ ದಾಟಿಹೋಗಿತ್ತು.

ಇಂತಿ ತಮ್ಮ ವಿಶ್ವಾಸಿ,
ವಧುವಿನ ತಂಗಿ

ಲಗತ್ತು: ತಾಳಿ ಕಟ್ಟುವ ಕ್ಷಣದ ಫೋಟೊ, ಒಂದು. ಇದರಲ್ಲಿ ಪುರೋಹಿತರೂ ಸೇರಿದಂತೆ ಎಲ್ಲರೂ ಗೋಪುರದ ಕಡೆ ನೋಡುತ್ತಿದ್ದು, ಅಕ್ಕ ಮಾತ್ರ ಭಾವನನ್ನು ನೋಡಿ ನಗುತ್ತಿದ್ದಾಳೆ.