ಗುಲಾಬಿಗೆ ಯಾವ ಗೊಬ್ಬರ

ಕತ್ತರಿ ಕೈಯಲ್ಲಿದ್ದರೆ ನಮ್ಮ ದರ್ಜಿ ಹುಲಿ, ಕೆಳಗಿಟ್ಟನೆಂದರೆ ಇಲಿ. ಬಟ್ಟೆಯ ವಿಷಯ ಬಿಟ್ಟರೆ ಯಾವುದನ್ನೂ ಅವನು ತಾನಾಗಿ ಆರಿಸಿದವನಲ್ಲ. ಗೋಡೆಯ ಬಣ್ಣ, ಮಗಳ ಶಾಲೆ, ಕೊನೆಗೆ ತಾನು ತೊಡುವ ಅಂಗಿಯನ್ನೂ ಹೆಂಡತಿಯೇ ಹೇಳಬೇಕು. ಮೂವತ್ತೊಂದು ವರ್ಷ ಹಾಗೆ ಸುಖವಾಗಿಯೇ ಇದ್ದ. ಎಂಟು ತಿಂಗಳ ಹಿಂದೆ ಅವಳಿಗೆ ಪಾರ್ಶ್ವವಾಯು ಬಡಿಯಿತು. ಬಲಗೈಯೂ ಮಾತೂ ಒಟ್ಟಿಗೇ ಹೋದವು, ಎಡಗೈ ಉಳಿಯಿತು.

ಅವಳ ಕಣ್ಣಿಗೆ ಬೀಳುತ್ತಿರಲಿ ಎಂದು, ತಾರಸಿಯ ಮೇಲೆ ಅವಳೇ ಬೆಳೆಸಿದ್ದ ಗುಲಾಬಿಯ ಕುಂಡವನ್ನು ಮಂಚದ ಪಕ್ಕದ ಕಿಟಕಿಯ ಕೆಳಗೆ ತಂದಿಟ್ಟ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಅವನ ಹೊಲಿಗೆ ಮಿಷನ್ನು, ಗಿರಾಕಿಗಳ ಬಟ್ಟೆ. ಕುಂಡದಿಂದ ಸೋರಿದ ಕೆಸರುನೀರು ಯಾರದೋ ಬಿಳಿ ಪ್ಯಾಂಟಿಗೆ ತಾಗಿದಾಗ, ಚೂರುಬಟ್ಟೆ ಸುತ್ತಿ ತಳದ ತೂತಿಗೆ ಗಟ್ಟಿಯಾಗಿ ತುರುಕಿದ. ಹೆಂಡತಿ ನೋಡುತ್ತಲೇ ಇದ್ದಳು. ಸೋರುವುದು ನಿಂತಿತು, ಅವನು ಮರೆತೇಬಿಟ್ಟ.

ತಿಂಗಳಲ್ಲಿ ಎಲೆಗಳು ಹಳದಿಯಾದವು.

ನಾದಿನಿ ಸಿಪ್ಪೆ ಕೊಳೆಸಿದ ಗೊಬ್ಬರವನ್ನು ಬಕೆಟ್ ತುಂಬ ತಂದಳು. "ಭಾವ, ಅಕ್ಕನ ಗಿಡಕ್ಕೆ ಅಂಗಡಿ ಗೊಬ್ಬರ, ಆ ಬಿಳಿ ವಿಷ ಮಾತ್ರ ಮುಟ್ಟಿಸ್ಬೇಡಿ. ನಿಧಾನ ಆದ್ರೂ ಇದೇ ಒಳ್ಳೇದು."

ಪ್ಯಾಂಟಿನ ಅಳತೆ ಕೊಡಲು ಬಂದ ಗೊಬ್ಬರದಂಗಡಿಯವನು ಮೂಗು ಮುಚ್ಚಿಕೊಂಡು ನಕ್ಕ. "ಅದು ಕೆಲಸ ಮಾಡೋ ಹೊತ್ತಿಗೆ ನಿಮ್ಮ ಗಿಡ ಒಲೆ ಸೇರಿರುತ್ತೆ. ನಾನು ಕೊಡೋ ಯೂರಿಯಾ ಕಾಳು ಒಂದೇ ಒಂದು ಚಮಚ ಹಾಕಿ. ವಾರದಲ್ಲಿ ಚಿಗುರುತ್ತೆ."

ಅತ್ತ ದರಿ, ಇತ್ತ ಪುಲಿ. ನಾದಿನಿ ದಿನಾ ಬಂದು ಅಕ್ಕನ ತಲೆ ಬಾಚುವವಳು. ಅಂಗಡಿಯವನು ಇಪ್ಪತ್ತು ವರ್ಷದ ಗಿರಾಕಿ. ಯಾರಿಗೆ ಬೇಡ ಅನ್ನುವುದು? ಒಂದು ಅಂಗೈಯಲ್ಲಿ ಕಪ್ಪು ಗೊಬ್ಬರ, ಇನ್ನೊಂದರಲ್ಲಿ ಬಿಳಿ ಕಾಳು ಹಿಡಿದು ಮಂಚದ ಹತ್ತಿರ ಹೋದ.

"ಯಾವುದು ಹಾಕ್ಲಿ ಹೇಳೇ? ಬೆರಳು ತೋರ್ಸು, ಸಾಕು."

ಅವಳು ಎಡಗೈಯಿಂದ ಕಪ್ಪನ್ನು ತಳ್ಳಿದಳು. ಬಿಳಿಯದನ್ನೂ ತಳ್ಳಿದಳು. ಕೈ ಮಂಚದಿಂದ ಕೆಳಗೆ ಜಾರಿ ನೆಲದತ್ತ ಆಡತೊಡಗಿತು.

"ಸುಸ್ತಾಯ್ತಾ? ಮಲ್ಕೋ," ಎಂದು ಕೈಯನ್ನು ಎತ್ತಿ ಹೊದಿಕೆಯೊಳಗೆ ಸೇರಿಸಿದ. ಮರುದಿನ ಕೇಳಿದಾಗಲೂ ಹಾಗೆಯೇ ಆಯಿತು, ಹಾಗೆಯೇ ಹೊದಿಸಿದ.

ಕೊನೆಗೆ ಎರಡನ್ನೂ ಹಾಕಿದ. ಹಾಕುವಾಗಲೂ ದರ್ಜಿಯ ಬುದ್ಧಿ ಬಿಡಲಿಲ್ಲ. ಹೊಲಿಗೆಯ ಒಳಗೆ ಬಟ್ಟೆ ಸ್ವಲ್ಪ ಜಾಸ್ತಿಯೇ ಇರಬೇಕು, ಹೆಚ್ಚಾದರೆ ಹಿಡಿಯಬಹುದು, ಕಡಿಮೆಯಾದರೆ ದೇವರೂ ಏನೂ ಮಾಡಲಾರ ಎಂಬುದು ಅವನ ಕಸುಬಿನ ಧರ್ಮ. ಒಂದು ಚಮಚದ ಜಾಗದಲ್ಲಿ ಮೂರು ಬಿತ್ತು. ನಾಲ್ಕೇ ದಿನಕ್ಕೆ ಎಲೆಯ ಅಂಚೆಲ್ಲ ಇಸ್ತ್ರಿ ತಾಗಿದಂತೆ ಸುಟ್ಟಿತು.

ಐದನೆಯ ದಿನ ಮಧ್ಯಾಹ್ನ ಮಿಷನ್ನು ತುಳಿಯುತ್ತಿದ್ದವನಿಗೆ ದೊಪ್ಪನೆ ಸದ್ದು ಕೇಳಿತು. ಹೆಂಡತಿ ಅರ್ಧ ಮಂಚದಿಂದ ಜೋತುಬಿದ್ದಿದ್ದಳು, ಕುಂಡ ಮಗುಚಿತ್ತು. ಅವಳ ಎಡಗೈ ಕುಂಡದ ತಳವನ್ನು ಕೆರೆಯುತ್ತಿತ್ತು. ಅವನು ಅವಳನ್ನು ಎತ್ತಿ ಮಲಗಿಸಿ, ಆಮೇಲೆ ತೂತಿನೊಳಗಿಂದ ಚೂರುಬಟ್ಟೆಯನ್ನು ಎಳೆದ. ಕೊಳೆತ ನೀರು ಬಳಬಳನೆ ಹೊರಗೆ ಬಂತು. ಬೇರುಗಳೆಲ್ಲ ಕಪ್ಪಾಗಿ ಲೊಳಲೊಳ ಎನ್ನುತ್ತಿದ್ದವು. ಗಿಡಕ್ಕೆ ಯಾವ ಗೊಬ್ಬರವೂ ಬೇಕಿರಲಿಲ್ಲ.

"ಮೊದಲನೇ ದಿನಾನೇ ಹೇಳಿದ್ಯಲ್ಲೇ," ಎಂದು ನೆಲದಲ್ಲೇ ಕೂತು ಅತ್ತ.

ಸಂಜೆ ಎಂದಿನಂತೆ ಗಂಜಿ ತಂದು ಚಮಚವನ್ನು ಅವಳ ತುಟಿಗೆ ಹಿಡಿದ. ಅವಳು ಎಡಗೈಯಿಂದ ತಳ್ಳಿದಳು. ಎಂಟು ತಿಂಗಳಿಂದ ದಿನಾ ತಳ್ಳುತ್ತಿದ್ದಳು. ಹಟ ಅಂದುಕೊಂಡು ರಮಿಸಿ ರಮಿಸಿ ತಿನ್ನಿಸುತ್ತಿದ್ದ.

"ಬಿಸಿ ಆಯ್ತಾ? ಉಪ್ಪಿಲ್ವಾ? ನೋಯುತ್ತಾ? ಏನು ಬೇಡ ನಿನಗೆ?"

ಅವಳು ಅವನನ್ನೇ ನೋಡಿದಳು. ಚಮಚ ಹಿಡಿದ ಕೈಯನ್ನು ಮುಂದೆ ಒಯ್ಯಲೂ ಆಗದೆ, ಹಿಂದೆ ತೆಗೆಯಲೂ ಆಗದೆ, ಗಂಜಿ ಆರುವವರೆಗೂ ಹಾಗೇ ಕೂತಿದ್ದ.